ಫ್ರೆಂಚ್ ಸಾಹಿತ್ಯ ಎಲ್ಲಿಂದ ಶುರು ಮಾಡಲಿ? ಒಂದು ಬುತ್ತಿಯಿಂದ

ನಾನು ಫ್ರೆಂಚ್ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಓದುತ್ತೇನೆ ಅಂತ ಗೊತ್ತಾದವರು ಕೇಳುವ ಪ್ರಶ್ನೆ ಒಂದೇ: "ಎಲ್ಲಿಂದ ಶುರು ಮಾಡಲಿ?" ಕೇಳುವವರ ಕೈಯಲ್ಲಿ ಎಷ್ಟೋ ಸಲ ಆಗಲೇ ವಿಕ್ಟರ್ ಹ್ಯೂಗೋ ಇರುತ್ತಾನೆ. 1862ರ 'ಲೆ ಮಿಜರಾಬ್ಲ್'. ದೊಡ್ಡ ಕೃತಿಯೇ, ಅನುಮಾನವಿಲ್ಲ. ಆದರೆ ಅವನು ಕತೆ ನಿಲ್ಲಿಸಿ ವಾಟರ್ಲೂ ಯುದ್ಧ ತೋರಿಸಲು ಹೋಗುತ್ತಾನೆ, ಇನ್ನೊಮ್ಮೆ ಪ್ಯಾರಿಸ್ಸಿನ ಚರಂಡಿಗಳ ಚರಿತ್ರೆ ಹೇಳುತ್ತಾನೆ. ಹೊಸಬರಿಗೆ ಸುಸ್ತು.

ನನ್ನ ಉತ್ತರ ಫ್ರೆಂಚ್ ಕತೆಗಾರ ಮೊಪಾಸಾ. ಅದೂ ಒಂದೇ ಕತೆ, 1880ರ 'ಬೂಲ್ ದ ಸ್ವೀಫ್'. ಅಂದರೆ ಕೊಬ್ಬಿನುಂಡೆ. ಕತೆಯ ನಾಯಕಿಗೆ ಜನ ಇಟ್ಟ ಅಡ್ಡಹೆಸರು ಅದು. ಅವಳು ವೇಶ್ಯೆ.

1870ರಲ್ಲಿ ಫ್ರಾನ್ಸಿಗೂ ಜರ್ಮನ್ ರಾಜ್ಯವಾದ ಪ್ರಷ್ಯಕ್ಕೂ ನಡೆದ ಯುದ್ಧ. ಪ್ರಷ್ಯದ ಸೈನ್ಯ ಫ್ರಾನ್ಸಿನ ರೂಆನ್ ಪಟ್ಟಣವನ್ನು ಹಿಡಿದಿದೆ. ಹಿಮ ಸುರಿಯುವ ಬೆಳಗಿನ ಜಾವ ಹತ್ತು ಜನ ಕುದುರೆ ಸಾರೋಟಿನಲ್ಲಿ ಊರು ಬಿಡುತ್ತಾರೆ. ಮೂರು ಶ್ರೀಮಂತ ದಂಪತಿ, ಇಬ್ಬರು ಸನ್ಯಾಸಿನಿಯರು, ಪ್ರಜಾಪ್ರಭುತ್ವದ ಮಾತಾಡುವವನೊಬ್ಬ, ಮತ್ತೆ ಇವಳು. ಹೆಂಗಸರು ಅವಳಿಗೆ ಕೇಳಿಸುವಂತೆಯೇ ಪಿಸುಗುಡುತ್ತಾರೆ. ದಾರಿ ಸಾಗುವುದಿಲ್ಲ, ಹೊಟ್ಟೆ ತಾಳಹಾಕುತ್ತಿದೆ. ಬುತ್ತಿ ತಂದಿರುವುದು ಇವಳೊಬ್ಬಳೇ. ಬುಟ್ಟಿ ಬಿಚ್ಚಿ ಎಲ್ಲರಿಗೂ ಕೊಡುತ್ತಾಳೆ. ಮಡಿವಂತರೆಲ್ಲ ಒಬ್ಬೊಬ್ಬರಾಗಿ ಕೈ ಚಾಚುತ್ತಾರೆ.

ರಾತ್ರಿ ತಂಗಿದಲ್ಲಿ ಪ್ರಷ್ಯದ ಅಧಿಕಾರಿಯೊಬ್ಬ ಗಾಡಿ ತಡೆಯುತ್ತಾನೆ. ಅವಳು ತನ್ನ ಹತ್ತಿರ ಬಂದರೆ ಮಾತ್ರ ಬಿಡುತ್ತಾನಂತೆ. ಶತ್ರುವಿನ ಜೊತೆ ಆಗಲ್ಲ ಅನ್ನುತ್ತಾಳೆ. ಮೊದಲು ಎಲ್ಲರಿಗೂ ಸಿಟ್ಟು ಅವನ ಮೇಲೆ. ಎರಡು ದಿನ ಕಳೆಯುವಷ್ಟರಲ್ಲಿ ಸಿಟ್ಟು ಅವಳ ಮೇಲೆ! ನಯವಾಗಿ ಒಪ್ಪಿಸುತ್ತಾರೆ. ಸನ್ಯಾಸಿನಿಯ ಧರ್ಮದ ಮಾತೂ ಸಹಾಯಕ್ಕೆ ಬರುತ್ತದೆ. ಮರುದಿನ ಗಾಡಿ ಹೊರಟಾಗ ಎಲ್ಲರ ಹತ್ತಿರವೂ ಬುತ್ತಿ ಇದೆ. ಗಡಿಬಿಡಿಯಲ್ಲಿ ಬಂದ ಅವಳ ಹತ್ತಿರ ಇಲ್ಲ. ಯಾರೂ ಒಂದು ಚೂರು ಕೊಡುವುದಿಲ್ಲ.

ಮೊಪಾಸಾ 'ಪಾಪ' ಅನ್ನುವುದಿಲ್ಲ. ಯಾರನ್ನೂ ಬೈಯುವುದಿಲ್ಲ. ಸುಮ್ನೆ ಯಾರು ಏನು ತಿಂದರು ಅಂತ ಹೇಳುತ್ತಾನೆ. ಈ ಹಿಡಿತ ಅವನಿಗೆ ಬಂದಿದ್ದು ಗುರು, ಕಾದಂಬರಿಕಾರ ಫ್ಲೋಬೇರ್‌ನಿಂದ. ಶಿಷ್ಯನ ಬರಹಗಳನ್ನು ತಿದ್ದುತ್ತಿದ್ದ ಫ್ಲೋಬೇರ್ ಈ ಕತೆಯನ್ನು ಮನಸಾರೆ ಮೆಚ್ಚಿದ. ಅದೇ ವರ್ಷ ಮೇ ತಿಂಗಳಲ್ಲಿ ತೀರಿಕೊಂಡ.

ಹಾಗಾಗಿ ಮುಂದಿನದು ಫ್ಲೋಬೇರ್‌ನ ಕಾದಂಬರಿ 'ಮದಾಮ್ ಬೊವಾರಿ'. ವಾಕ್ಯಗಳನ್ನು ಗಟ್ಟಿಯಾಗಿ ಓದಿ ನೋಡುತ್ತಾ, ಸುಮಾರು ಐದು ವರ್ಷ ತಗೊಂಡು ಬರೆದದ್ದು. ನೀತಿಗೆಟ್ಟ ಪುಸ್ತಕ ಅಂತ 1857ರಲ್ಲಿ ಕೋರ್ಟಿಗೆ ಎಳೆದರು, ಗೆದ್ದ. ಅದೇ ವರ್ಷ ಅದೇ ಸರ್ಕಾರಿ ವಕೀಲ ಕವಿ ಬೋದಲೇರ್‌ನನ್ನೂ ಹಿಡಿದ. ಬೋದಲೇರ್ ಸೋತ. 300 ಫ್ರಾಂಕ್ ದಂಡ, ಆರು ಪದ್ಯಕ್ಕೆ ನಿಷೇಧ. ಆ ತೀರ್ಪು ರದ್ದಾಗಿದ್ದು 1949ರಲ್ಲಿ! (ಇಪ್ಪತ್ತರ ವಯಸ್ಸಲ್ಲಿ ಮನೆಯವರು ಅವನನ್ನು ಕಲ್ಕತ್ತೆಯ ಹಡಗು ಹತ್ತಿಸಿದ್ದರು. ಅರ್ಧ ದಾರಿಯಿಂದಲೇ ವಾಪಸ್ ಹೋದ.)

'ಬೊವಾರಿ' ಹಿಡಿದವರಿಗೆ ಒಂದು ಮಾತು. ಮೊದಲ ಅಧ್ಯಾಯದಲ್ಲಿ ನಾಯಕಿ ಎಮ್ಮಾ ಇಲ್ಲವೇ ಇಲ್ಲ. ಅವಳ ಗಂಡನಾಗುವವನು ಶಾಲೆಗೆ ಹಾಕಿಕೊಂಡು ಬಂದ ವಿಚಿತ್ರ ಟೋಪಿ ಇದೆ. ಬೇಜಾರಾಗಿ ಮುಚ್ಚಿಡಬೇಡಿ. ಎರಡನೆಯದರಲ್ಲಿ ಬರುತ್ತಾಳೆ, ಹೊಲಿಯುತ್ತಾ ಸೂಜಿ ಚುಚ್ಚಿಕೊಂಡ ಬೆರಳನ್ನು ಬಾಯಲ್ಲಿಟ್ಟುಕೊಂಡು.