ಬತ್ತಿದ ಕೊಳ, ಒಂದು ಮೇಣದಬತ್ತಿ

ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ ‘ನೊಸ್ತಾಲ್ಗಿಯಾ’ ಸಿನಿಮಾವನ್ನು ಕಾಲೇಜು ದಿನಗಳಲ್ಲಿ ಅರ್ಧಕ್ಕೇ ಬಿಟ್ಟಿದ್ದೆ. ಆಗ ತುಂಬಾ ನಿಧಾನ ಅನ್ನಿಸಿತ್ತು. ಮೊನ್ನೆ ಭಾನುವಾರ ಮತ್ತೆ ಹಾಕಿಕೊಂಡು ಕೂತೆ. ಹೊರಗೆ ಮಳೆ. ಹರಿವೆ ಸೊಪ್ಪು ಸೋಸುತ್ತಾ ಅಮ್ಮ ಪಕ್ಕಕ್ಕೆ ಬಂದು ಕೂತಳು.

"ಇದೆಂತ ಮಾರಾಯ, ಯಾರೂ ಮಾತೇ ಆಡೋದಿಲ್ವಲ್ಲ?"

ಕಥೆ ಹೇಳಿದೆ. ಗೊರ್ಚಕೋವ್ ಅಂತ ಒಬ್ಬ ರಷ್ಯನ್ ಕವಿ. ಹಿಂದೆ ಇಟಲಿಯಲ್ಲಿ ಬಾಳಿದ್ದ ತನ್ನ ನಾಡಿನ ಸಂಗೀತಗಾರನೊಬ್ಬನ ಬಗ್ಗೆ ಬರೆಯಲು ಅಲ್ಲಿಗೆ ಬಂದಿದ್ದಾನೆ. ಊರಲ್ಲಿ ಜೀತವೇ ಕಾದಿದೆ ಅಂತ ಗೊತ್ತಿದ್ದೂ ಆ ಸಂಗೀತಗಾರ ವಾಪಸ್ ಹೋದವನು. ಕವಿಗೂ ಅದೇ ಸಂಕಟ. ಎಷ್ಟು ಚೆಂದದ ಜಾಗಕ್ಕೆ ಕರೆದುಕೊಂಡು ಹೋದರೂ ಅವನ ಕಣ್ಣಿಗೆ ಬರೋದು ಊರಿನ ಮನೆ, ಹೆಂಡತಿ, ಮಂಜು. ಅವೆಲ್ಲ ಬಣ್ಣವಿಲ್ಲದೆ ಬರುತ್ತವೆ.

ಅಮ್ಮನಿಗೆ ಅಷ್ಟು ಸಾಕಾಯಿತು. ಅವಳು ಮುಳುಗಡೆ ಊರಿನವಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವಳಿಗೆ 10 ವರ್ಷ. ಮನೆಯ ಹಂಚು, ಬಾಗಿಲು, ದನಕರು ಎಲ್ಲ ಗಾಡಿಯಲ್ಲಿ ಬಂದವು. ಮನೆ ನಿಂತಿದ್ದ ಜಾಗ ನೀರಿಗೆ ಹೋಯಿತು.

ಬಾನ್ಯೊ ವಿನ್ಯೋನಿ ಎಂಬ ಊರಿನ ಬಿಸಿನೀರ ಕೊಳದ ದೃಶ್ಯ ಬಂತು. ಕೊಳ ಖಾಲಿ ಮಾಡಿದ್ದಾರೆ. ತಳದಲ್ಲಿ ಕೆಸರು, ಅಲ್ಲಲ್ಲಿ ನೀರು.

"ಬೇಸಗೇಲಿ ನಮ್ಮ ಹಿನ್ನೀರು ಇಳಿದಾಗ ಹಿಂಗೇ ಕಾಣ್ತದೆ," ಅಂದಳು.

ಹಚ್ಚಿದ ಮೇಣದಬತ್ತಿ ಆರದಂತೆ ಈ ಕೊಳ ದಾಟಿದರೆ ಲೋಕ ಉಳಿಯುತ್ತದೆ ಅಂತ ಒಬ್ಬ ನಂಬಿದ್ದ. ಅವನಿಗೆ ಕೊಟ್ಟ ಮಾತಿಗೆ ಕವಿ ಹೊರಡುತ್ತಾನೆ. ದಾರಿಯಲ್ಲಿ ಬತ್ತಿ ಆರುತ್ತದೆ. ವಾಪಸ್ ಬಂದು ಅಂಚಿನ ಕಲ್ಲು ಮುಟ್ಟಿ ಮತ್ತೆ ಹಚ್ಚುತ್ತಾನೆ. ಮತ್ತೆ ಆರುತ್ತದೆ. ಸುಮಾರು 9 ನಿಮಿಷ ಒಂದೇ ಶಾಟ್, ಎಲ್ಲೂ ಕತ್ತರಿಯಿಲ್ಲ. ಮೂರನೇ ಸಲ ಅವನು ಕೋಟಿನ ಮರೆ ಮಾಡಿಕೊಂಡು ನಡೆಯುವಾಗ ಅಮ್ಮನ ಕಡೆ ನೋಡಿದೆ. ಸೊಪ್ಪಿನ ದಂಟು ತಟ್ಟೆಗೆ ಬಿದ್ದಿತ್ತು. ತುಳಸಿಕಟ್ಟೆಗೆ ದೀಪ ಒಯ್ಯುವಾಗ ಹಿಡಿಯುತ್ತಾಳಲ್ಲ, ಹಾಗೆ ಎಡಗೈ ಬೊಗಸೆಯಾಗಿತ್ತು. ಈ ಶಾಟ್ ಇಷ್ಟು ಉದ್ದ ಯಾಕಿರಬೇಕು ಅಂತ ನನಗೆ ಗೊತ್ತಾಗಿದ್ದು ಆ ಕೈ ನೋಡಿ.

ಕೊನೆಯಲ್ಲಿ ಕವಿ ಮನೆಯ ಮುಂದೆ ನೆಲದ ಮೇಲೆ ಕೂತಿದ್ದಾನೆ. ಪಕ್ಕದಲ್ಲಿ ನಾಯಿ. ಕ್ಯಾಮೆರಾ ಹಿಂದೆ ಸರಿದಂತೆ ಮನೆಯ ಸುತ್ತ ಸಾನ್ ಗಲ್ಗಾನೊದ ಛಾವಣಿಯಿಲ್ಲದ ಹಳೇ ಚರ್ಚಿನ ಕಂಬಗಳು ಏಳುತ್ತವೆ. ರಷ್ಯಾದ ಮನೆ, ಇಟಲಿಯ ಗೋಡೆಗಳ ಒಳಗೆ. ಮೇಲಿನಿಂದ ಹಿಮ. ಆಮೇಲೆ ಅಕ್ಷರ ಮೂಡುತ್ತವೆ: ತಾಯಿಯ ನೆನಪಿಗೆ.

"ಈ ಸಿನಿಮಾ ಮಾಡಿದವನು ಆಮೇಲೆ ಊರಿಗೆ ಹೋದ್ನಾ?"

ಇಲ್ಲ ಅಂದೆ. ಸಿನಿಮಾ ಬಂದದ್ದು 1983ರಲ್ಲಿ. ಮರುವರ್ಷ ಮಿಲಾನ್‌ನಲ್ಲಿ, ಇನ್ನು ಸೋವಿಯತ್ ದೇಶಕ್ಕೆ ಮರಳೋದಿಲ್ಲ ಅಂತ ಹೇಳಿದ. 1986ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ಬರೀ 54 ವರ್ಷ.

ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು.

"ಆ ಮನೆ ಇನ್ನೊಂದ್ಸಲ ತೋರ್ಸು."

ಹಿಂದಕ್ಕೆ ಹೋಗಿ ನಿಲ್ಲಿಸಿದೆ. ಅವಳು ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಹೋದಳು.