ಹತ್ತದೇ ಹೋದ ದೀಪ

"ಮೊದಲ ಕಾರು ಅಲ್ವಾ, ಹೇಗೂ ಎಲ್ಲಾದ್ರೂ ಗುದ್ದಿಸ್ತಾಳೆ. ಹಳೇದೊಂದು ಕಡಿಮೇಲಿ ನೋಡಿ ಮಾರಾಯ್ರೆ."

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೋನಿನಲ್ಲಿ ಹೇಳಿದ ಮಾತು ಇದು. ಮಗಳಿಗೆ ಹದಿನೆಂಟು ತುಂಬಿ ಡಿಎಲ್ ಕೈಗೆ ಬಂದು ಒಂದು ವಾರವಾಗಿತ್ತು. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಸೇರಿದ್ದಳು. ಮನೆಗೆ ಬಂದು ಹೋಗಲು ಒಂದು ಕಾರು ಬೇಕಿತ್ತು.

ಹಳೆ ಕಾರು ಕೊಳ್ಳುವವರ ಪರವಾಗಿ ಹೋಗಿ ಗಾಡಿ ನೋಡಿಕೊಡುವುದು ನನ್ನ ಕೆಲಸ. ಮುಂಚೆ ಗ್ಯಾರೇಜಿನಲ್ಲಿದ್ದೆ. ಈ ಮಾತನ್ನು ವರ್ಷಕ್ಕೆ ಹತ್ತಿಪ್ಪತ್ತು ಸಲ ಕೇಳುತ್ತೇನೆ. ಒಂದು ಕಾಲದಲ್ಲಿ ನಾನೂ ತಲೆಯಾಡಿಸುತ್ತಿದ್ದೆ. ಈಗ ಆಡಿಸುವುದಿಲ್ಲ. ಗುದ್ದಿಸುತ್ತಾಳೆ ಅಂತ ನಿಮಗೇ ಗೊತ್ತಿದ್ದರೆ, ಗುದ್ದಿದಾಗ ಒಳಗಿರುವವರನ್ನು ಕಾಯುವ ಗಾಡಿಯೇ ಬೇಕಲ್ವಾ? ಅಪ್ಪಂದಿರು ಲೆಕ್ಕ ಹಾಕುವುದು ತಗಡಿನ ಖರ್ಚನ್ನು.

ನನಗೆ ಬುದ್ಧಿ ಬಂದದ್ದು ಒಂದು ತಪ್ಪಿನಿಂದ. ಈ ಕೆಲಸ ಶುರು ಮಾಡಿದ ಎರಡನೇ ವರ್ಷ. ಭದ್ರಾವತಿಯವರೊಬ್ಬರು ಹತ್ತೊಂಬತ್ತರ ಮಗನಿಗಾಗಿ ಒಂದು ಹ್ಯಾಚ್‌ಬ್ಯಾಕ್ ಮೆಚ್ಚಿದ್ದರು. ನಾಲ್ಕು ವರ್ಷ ಹಳೆಯದು, ಸ್ಟೇರಿಂಗ್ ಮೇಲೆ ಏರ್‌ಬ್ಯಾಗ್ ಅಂತ ಅಚ್ಚು ಹೊಡೆದಿತ್ತು. ಇಂಜಿನ್ ಸದ್ದು ಕೇಳಿದೆ, ಕ್ಲಚ್ ನೋಡಿದೆ, ಸವಳಂಗ ರಸ್ತೆಯಲ್ಲಿ ಓಡಿಸಿದೆ. ಚೆನ್ನಾಗಿದೆ ಅಂತ ಬರೆದುಕೊಟ್ಟೆ. ಎರಡು ತಿಂಗಳ ಮೇಲೆ ಹಾರ್ನ್ ಕೆಟ್ಟಿತು ಅಂತ ಬೇರೆ ಗ್ಯಾರೇಜಿನಲ್ಲಿ ಸ್ಟೇರಿಂಗ್ ಬಿಚ್ಚಿದ್ದಾರೆ. ಒಳಗೆ ಏರ್‌ಬ್ಯಾಗೇ ಇಲ್ಲ. ಮುಚ್ಚಳ ಅಲುಗಾಡದ ಹಾಗೆ ಬಟ್ಟೆ ತುರುಕಿತ್ತು.

ಅಂದರೆ ಆ ಗಾಡಿ ಹಿಂದೆ ಜೋರಾಗಿ ಗುದ್ದಿತ್ತು, ಏರ್‌ಬ್ಯಾಗ್ ಬಿಚ್ಚಿಕೊಂಡಿತ್ತು, ಹೊಸದು ಹಾಕಿಸುವ ದುಡ್ಡು ಉಳಿಸಿ ಬರೀ ಮುಚ್ಚಳ ಕೂರಿಸಿದ್ದರು. ಮಾರಿದವರನ್ನು ಕೇಳಿದರೆ ನಮಗೆ ಬಂದದ್ದೇ ಹಾಗೆ ಅಂದರು. ಆ ಹುಡುಗ ಎರಡು ತಿಂಗಳು ದಿನಾ ಅದನ್ನೇ ಓಡಿಸಿದ್ದ. ಪುಣ್ಯಕ್ಕೆ ಏನೂ ಆಗಲಿಲ್ಲ. "ನೀವು ನೋಡಿದ್ರಲ್ಲ?" ಅಂತ ಅವನ ಅಪ್ಪ ಅಷ್ಟೇ ಕೇಳಿದರು, ಬೈಯಲಿಲ್ಲ. ನನ್ನ ಫೀಸು ವಾಪಸ್ ಕೊಟ್ಟೆ. ಅದರಿಂದ ಏರ್‌ಬ್ಯಾಗ್ ಬರಲಿಲ್ಲ.

ನಾನು ನೋಡದೇ ಬಿಟ್ಟದ್ದು ಒಂದು ದೀಪ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡ್ ಇದ್ದು ಆರಬೇಕು. ಹತ್ತಿಯೇ ಇದ್ದರೆ ತೊಂದರೆ ಇದೆ ಅಂತ ಎಲ್ಲರಿಗೂ ಗೊತ್ತು. ಹತ್ತದೇ ಇದ್ದರೆ ಅದಕ್ಕಿಂತ ಕೆಟ್ಟದ್ದು: ಯಾರೋ ಬಲ್ಬನ್ನೇ ತೆಗೆದಿದ್ದಾರೆ ಅಂತ. ನಾನು ಕೆಂಪು ದೀಪ ಉಳಿದಿದೆಯಾ ಅಂತ ಹುಡುಕಿದ್ದೆ, ಉಳಿದಿರಲಿಲ್ಲ, ಖುಷಿಪಟ್ಟಿದ್ದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್‌ನ ದೀಪದ್ದೂ ಇದೇ ಕಥೆ.

ಇನ್ನೂ ಚಾಲಾಕಿಗಳು ಏರ್‌ಬ್ಯಾಗ್ ಜಾಗದಲ್ಲಿ ಒಂದು ರೆಸಿಸ್ಟರ್ ಕೂರಿಸುತ್ತಾರೆ, ಏರ್‌ಬ್ಯಾಗ್ ಇದೆ ಅಂತ ಗಾಡಿಯನ್ನೇ ನಂಬಿಸುವ ಸಣ್ಣ ಎಲೆಕ್ಟ್ರಿಕ್ ಬಿಡಿಭಾಗ ಅದು. ಆಗ ದೀಪವೂ ಸರಿಯಾಗಿ ಹತ್ತಿ ಆರುತ್ತದೆ. ಅದಕ್ಕೇ ಈಗ ಸ್ಕ್ಯಾನರ್ ಹಾಕಿ, ಏರ್‌ಬ್ಯಾಗ್ ಯೂನಿಟ್‌ನಲ್ಲಿ ಹಳೆಯ ಆಕ್ಸಿಡೆಂಟ್ ದಾಖಲೆ ಇದೆಯಾ ನೋಡುತ್ತೇನೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯುತ್ತೇನೆ. ಅದರ ಚೀಟಿಯಲ್ಲಿ ತಯಾರಾದ ವರ್ಷ ಇರುತ್ತದೆ. 2018ರ ಗಾಡಿಗೆ 2021ರ ಬೆಲ್ಟ್ ಇದ್ದರೆ ಯಾಕೆ ಅಂತ ಕೇಳಬೇಕು. ಬೆಲ್ಟಿನ ತುದಿಯಲ್ಲಿ ಒಣಗಿದ ಕೆಸರು ಸಿಕ್ಕರೆ ಅದು ಮುಳುಗಿದ ಗಾಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನುಗ್ಗಿತ್ತಲ್ಲ, ಅಂದಿನಿಂದ ಬೆಂಗಳೂರಿನ ಗಾಡಿ ಅಂದರೆ ಎರಡು ಸಲ ಎಳೆದು ನೋಡುತ್ತೇನೆ. ಬಾಗಿಲಿನ ರಬ್ಬರ್ ಬೀಡಿಂಗ್ ಬಿಡಿಸಿದರೆ ಕಂಪನಿ ವೆಲ್ಡಿಂಗ್ ಚುಕ್ಕೆಗಳು ಒಂದೇ ಅಂತರದಲ್ಲಿ ಕಾಣುತ್ತವೆ. ಅಂಕುಡೊಂಕಾಗಿದ್ದರೆ ಪಿಲ್ಲರ್‌ಗೆ, ಅಂದರೆ ಚಾವಣಿ ಹೊರುವ ಬಾಗಿಲ ಪಕ್ಕದ ಕಂಬಕ್ಕೆ, ರಿಪೇರಿ ಮಾಡಿದ್ದಾರೆ. ಹಳೆ ಇನ್ಶೂರೆನ್ಸ್ ಪೇಪರ್ ಕೂಡ ಮಾತಾಡುತ್ತದೆ. ಕ್ಲೇಮ್ ಮಾಡದಿದ್ದರೆ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ವರ್ಷ ವರ್ಷ 20, 25, 35, 45, 50 ಪರ್ಸೆಂಟ್ ಅಂತ ಏರುತ್ತಾ ಹೋಗುತ್ತದೆ. ಒಬ್ಬರೇ ಮಾಲೀಕರು ಇಟ್ಟುಕೊಂಡ ಆರು ವರ್ಷದ ಗಾಡಿಗೆ ಸೊನ್ನೆ ಬೋನಸ್ ಇದ್ದರೆ ಸುಮ್ನೆ ಬಿಡಬಾರದು.

ಬೆಳೆಗಾರರು ಮಗಳನ್ನೂ ಭಾವನನ್ನೂ ಕರೆದುಕೊಂಡು ಬಂದರು. ಭಾವನಿಗೆ ಒಂದು ಹಳೆಯ ದೊಡ್ಡ ಡೀಸೆಲ್ ಗಾಡಿ ಮೇಲೆ ಕಣ್ಣು. "ಎತ್ತರ ಇದೆ, ದಪ್ಪ ತಗಡು, ಏನೂ ಆಗಲ್ಲ" ಅಂದರು. ಅದಕ್ಕೆ ಏರ್‌ಬ್ಯಾಗೂ ಇರಲಿಲ್ಲ, ಎಬಿಎಸ್ಸೂ ಇರಲಿಲ್ಲ. ಎತ್ತರದ ಭಾರದ ಗಾಡಿ ನಿಲ್ಲುವುದಕ್ಕೆ ಜಾಸ್ತಿ ಜಾಗ ತಿನ್ನುತ್ತದೆ, ತಿರುವಿನಲ್ಲಿ ಗಾಬರಿಯಿಂದ ಸ್ಟೇರಿಂಗ್ ಎಳೆದರೆ ಬೇಗ ವಾಲುತ್ತದೆ. ಒಂದು ವಾರದ ಡ್ರೈವರ್ ಅದನ್ನು ಆಗುಂಬೆ ಘಾಟಿಗೆ ತೆಗೆದುಕೊಂಡು ಹೋಗುವುದನ್ನು ನೆನೆಸಿಕೊಳ್ಳಿ ಅಂದೆ. ಭಾವ ಸುಮ್ಮನಾದರು. ಒಪ್ಪಲಿಲ್ಲ, ಸುಮ್ಮನಾದರು ಅಷ್ಟೇ.

ತಗಡು ಒತ್ತಿ ನೋಡಿ ಗಟ್ಟಿ ಅನ್ನುವವರಿಗೆ ನಾನು ಹೇಳುವುದು ಫೋಕ್ಸ್‌ವ್ಯಾಗನ್ ಕಂಪನಿಯ ಪೋಲೋ ಕಾರಿನ ಕಥೆ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ನಮ್ಮ ದೇಶದ ಕಾರುಗಳನ್ನು ಗಂಟೆಗೆ 64 ಕಿಮೀ ವೇಗದಲ್ಲಿ ಗುದ್ದಿಸಿ ನೋಡಿದರು. ಏರ್‌ಬ್ಯಾಗ್ ಇಲ್ಲದ ಪೋಲೋಗೆ ಐದರಲ್ಲಿ ಸೊನ್ನೆ ಸ್ಟಾರ್. ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ 4. ಕಾರು ಅದೇ, ಕಂಪನಿ ಅದೇ. ಅದಕ್ಕೇ ಮಾಡೆಲ್ ಹೆಸರು ಕೇಳಿ ಸಮಾಧಾನಪಡಬೇಡಿ, ಕಡಿಮೆ ರೇಟಿನ ಬೇಸೋ, ಎಲ್ಲ ಸೌಕರ್ಯ ಇರುವ ಟಾಪೋ ಕೇಳಿ. ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಿಂದ, ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಿಂದ, ಪಕ್ಕದವರದ್ದು 2022 ಶುರುವಾಗುವ ಹೊತ್ತಿಗೆ. ಅದಕ್ಕಿಂತ ಹಳೆಯ ಗಾಡಿಯ ಬೇಸ್ ಮಾಡೆಲ್‌ನಲ್ಲಿ ಇವೆಲ್ಲ ಇವೆ ಅಂತ ಅಂದುಕೊಳ್ಳುವ ಹಾಗಿಲ್ಲ. ಸ್ಟಾರ್ ಲೆಕ್ಕ ನೋಡುವವರು ವರ್ಷವನ್ನೂ ನೋಡಿ. 2022ರಲ್ಲಿ ಆ ಪರೀಕ್ಷೆಯ ನಿಯಮ ಬಿಗಿ ಮಾಡಿದರು, ಹಳೆಯ 4ಕ್ಕೂ ಹೊಸ 4ಕ್ಕೂ ಹೋಲಿಕೆ ಇಲ್ಲ.

ನಾನು ಕೊನೆಗೆ ತೋರಿಸಿದ್ದು 2018ರ ಟೊಯೋಟಾ ಎಟಿಯಾಸ್ ಲಿವಾ, ಪೆಟ್ರೋಲ್. 2016ರ ಪರೀಕ್ಷೆಯಲ್ಲಿ 4 ಸ್ಟಾರ್ ಬಂದಿತ್ತು. ನೋಡೋಕೆ ಏನೂ ವಿಶೇಷ ಇಲ್ಲ. ಡ್ಯಾಶ್‌ಬೋರ್ಡ್ ಮಂಕು. ಹುಡುಗಿಯ ಮುಖವೂ ಸ್ವಲ್ಪ ಮಂಕಾಯಿತು, ಅವಳ ಗೆಳತಿ ಹತ್ತಿರ ಜೋರಾಗಿ ಓಡುವ ಟರ್ಬೋ ಇಂಜಿನ್ ಕಾರು ಇದೆಯಂತೆ. ಆದರೆ ಬಾನೆಟ್ ಗಿಡ್ಡ, ಸುತ್ತ ಚೆನ್ನಾಗಿ ಕಾಣುತ್ತದೆ, ತೀರಾ ಜೋರೂ ಇಲ್ಲ. ಕೀ ಅವಳ ಕೈಗೇ ಕೊಟ್ಟು ಆನ್ ಮಾಡಿಸಿದೆ. ಯಾವ ದೀಪ ಹತ್ತಿತು, ಯಾವುದು ಆರಿತು, ಅವಳೇ ಎಣಿಸಿ ಹೇಳಿದಳು. ಟೈರ್ ಮೇಲಿನ ನಾಲ್ಕು ಅಂಕಿ ಓದಿಸಿದೆ: 1818. 2018ರ ಹದಿನೆಂಟನೇ ವಾರ. ಟೈರಿನ ಗುಂಡಿ ಇನ್ನೂ ಸವೆಯದೆ ಇದೆಯಲ್ಲ ಅಂದರು ಅಪ್ಪ. ಇದೆ, ಆದರೆ ರಬ್ಬರ್ ಗಟ್ಟಿಯಾಗಿ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ನಮ್ಮ ಮಲೆನಾಡಿನ ಮಳೆಗೆ ಅಂಥ ಟೈರ್ ಆಗುವುದಿಲ್ಲ. ನಾಲ್ಕೂ ಹೊಸದು ಹಾಕಿಸುವ ದುಡ್ಡನ್ನು ರೇಟಿನಲ್ಲಿ ಕಳೆಸಿದೆ.

ಆಮೇಲೆ ಮನೆ ಕಟ್ಟದೆ ಖಾಲಿ ಬಿದ್ದ ಒಂದು ಲೇಔಟಿಗೆ ಕರೆದುಕೊಂಡು ಹೋದೆ. ಇದು ನನ್ನ ಫೀಸಿನಲ್ಲಿ ಸೇರಿಲ್ಲ, ಹೊಸ ಡ್ರೈವರ್ ಇದ್ದರೆ ಮಾತ್ರ ಮಾಡುತ್ತೇನೆ. ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿ, ನಲವತ್ತಕ್ಕೆ ಬಂದಾಗ ಬ್ರೇಕ್ ಪೂರ್ತಿ ತುಳಿ ಅಂದೆ. ತುಳಿದಳು. ಜಲ್ಲಿಪುಡಿ ಮೇಲೆ ಎಬಿಎಸ್ ಕೆಲಸ ಶುರು ಮಾಡಿತು, ಪೆಡಲ್ ಕಾಲಿಗೆ ಕಡಕಡ ಕುಟ್ಟಿತು. ತಕ್ಷಣ ಕಾಲು ತೆಗೆದುಬಿಟ್ಟಳು.

"ಅಂಕಲ್, ಏನೋ ಮುರೀತು!"

ಏನೂ ಮುರಿದಿರಲಿಲ್ಲ. ಚಕ್ರ ಲಾಕ್ ಆಗದ ಹಾಗೆ ಬ್ರೇಕ್ ಹಿಡಿದು ಬಿಟ್ಟು ಮಾಡುವ ಸದ್ದು ಅದು. ಅದು ಕುಟ್ಟುವಾಗಲೇ ಇನ್ನೂ ಗಟ್ಟಿಯಾಗಿ ಒತ್ತಬೇಕು, ಸ್ಟೇರಿಂಗ್ ತಿರುಗಿಸಿ ಪಕ್ಕಕ್ಕೆ ತಪ್ಪಿಸಿಕೊಳ್ಳಬಹುದು. ಮೊದಲ ಸಲ ನಡುರಸ್ತೆಯಲ್ಲಿ ಹೀಗಾದರೆ ಎಲ್ಲರೂ ಹೆದರಿ ಕಾಲು ತೆಗೆಯುತ್ತಾರೆ. ಆರು ಸಲ ಮಾಡಿಸಿದೆ. ಐದನೆಯದರಲ್ಲಿ ಹಿಂದೆ ಕೂತಿದ್ದ ಭಾವನವರು ಮುಂದಿನ ಸೀಟಿಗೆ ಮೂಗು ತಾಗಿಸಿಕೊಂಡರು. ಬೆಲ್ಟ್ ಹಾಕಿರಲಿಲ್ಲ. ಹಿಂದಿನ ಸೀಟಿಗೂ ಬೆಲ್ಟ್ ಇದೆ ಅಂತ ನಾನು ಬೇರೆ ಹೇಳಬೇಕಾಗಲಿಲ್ಲ.

ಗಾಡಿ ತೆಗೆದುಕೊಂಡರು. ಹದಿನೈದು ದಿನದ ಮೇಲೆ ಮತ್ತೆ ಫೋನ್.

"ಮುಂದೆ ಒಂದು ಸ್ಟೀಲ್ ಗಾರ್ಡ್ ಹಾಕಿಸ್ಲಾ? ಇಲ್ಲೊಬ್ರು ಚೆನ್ನಾಗಿ ಮಾಡಿಕೊಡ್ತಾರೆ."

"ಬೇಡ ಯಜಮಾನ್ರೇ. ಅದು ಕಾನೂನಿಗೆ ವಿರುದ್ಧ. ಗುದ್ದಿದಾಗ ಮುಂದಿನ ಭಾಗ ಕುಗ್ಗಿ ಪೆಟ್ಟು ತಿನ್ನಬೇಕು. ಗಾರ್ಡ್ ಇದ್ರೆ ಏರ್‌ಬ್ಯಾಗ್ ಸೆನ್ಸರ್‌ಗೂ ಲೆಕ್ಕ ತಪ್ಪುತ್ತೆ."

"ಮತ್ತೆ ಬಂಪರ್ ಒಡೆದ್ರೆ?"

"ಒಡೀಲಿ ಬಿಡಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಈಗಾಗ್ಲೇ ಒಡೆದಿದೆ. ಗೇಟಿಗೆ" ಅಂದರು.