ಪೀಂ ಡಬ್ಬಿ, ನಾಲ್ಕನೇ ಕಂತು: ಹದಿನೇಳನೇ ನಿಮಿಷ

ಸಿಕ್ಕಿತು! ದಿನದಲ್ಲಿ ನಿಜವಾಗಿ ಎಷ್ಟು ಹೊತ್ತು ಕೆಲಸ ಮಾಡುತ್ತೇನೆ ಎಂಬ ನನ್ನ ಲೆಕ್ಕವನ್ನೆಲ್ಲ ಎರಡು ತಿಂಗಳಿಂದ ಹಾಳು ಮಾಡುತ್ತಿದ್ದ ದೋಷ ಕೊನೆಗೂ ಸಿಕ್ಕಿತು. ಹಿಡಿದುಕೊಟ್ಟದ್ದು ಮಲ್ಟಿಮೀಟರ್ ಅಲ್ಲ, ಲಾಜಿಕ್ ಅನಲೈಸರ್ ಅಲ್ಲ, ಅಮ್ಮ. ಅದನ್ನು ಹೇಳಲಿಕ್ಕೇ ಈ ಕಂತು. ಡಬ್ಬಿಯ ಮರಗೆಲಸ, ಬಟನ್‌ಗಳ ವೈರಿಂಗ್ ಎಲ್ಲ ಬಿಟ್ಟುಬಿಡುತ್ತೇನೆ. ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಮೂರು ಬಟನ್, ಒಂದು ಬಜರ್, ಒಂದು ಗಡಿಯಾರದ ಮಾಡ್ಯೂಲ್ ಜೋಡಿಸುವುದು ನಿಮಗೆಲ್ಲ ಗೊತ್ತಿರುವುದೇ.

ಡಬ್ಬಿಯ ಕೆಲಸ ಇಷ್ಟು. ದಿನದಲ್ಲಿ ಯಾವುದೋ ಹೊತ್ತಿಗೆ ಪೀಂ ಎನ್ನುತ್ತದೆ. ಆ ಕ್ಷಣ ಏನು ಮಾಡುತ್ತಿದ್ದೆನೋ ಅದಕ್ಕೆ ಸರಿಯಾಗಿ ಬಟನ್ ಒತ್ತಬೇಕು. ಸಂಬಳ ಕೊಡುವುದು ಯಾವುದಕ್ಕೋ ಆ ಕೆಲಸವೇ ಆಗಿದ್ದರೆ ಹಸಿರು. ಮೀಟಿಂಗ್, ಮೇಲ್, ಫೈಲ್ ಹುಡುಕಾಟ, ಅಂದರೆ ಕೆಲಸದ ಸುತ್ತಮುತ್ತಲಿನ ಕೆಲಸವಾದರೆ ಹಳದಿ. ಉಳಿದದ್ದೆಲ್ಲ ಕೆಂಪು. ನಾನು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು. ಊಟದ ಹೊತ್ತು ಕಳೆದರೆ ದಿನಕ್ಕೆ 8 ಗಂಟೆ ಮೇಜಿನ ಮುಂದೆ. ಅದರಲ್ಲಿ ಕೆಲಸ ಎಷ್ಟು?

ಈ ಪ್ರಶ್ನೆ ಹುಟ್ಟಿದ್ದು ಊಟದ ಎಲೆಯ ಮುಂದೆ. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಿದ್ದರಲ್ಲ, ಅದರ ಮಾತು ಬಂತು. ಅಪ್ಪಯ್ಯ ಹೇಳಿದರು: "ಗಂಟೆ ಲೆಕ್ಕ ಎಂತಕ್ಕಾ? ಸುಲಿಯೋರಿಗೆ ಗಂಟೆ ನೋಡಿ ಕೊಡ್ತೀವನಾ? ಸುಲಿದ ಅಡಿಕೆ ಅಳೆದು ಕೊಡ್ತೀವಿ." ಮಾತು ಸರಿಯೇ. ಆದರೆ ನನ್ನ ಕೆಲಸವನ್ನು ಅಳೆಯುವ ಡಬ್ಬ ಎಲ್ಲಿದೆ? ಮೆಟ್ಟುಗತ್ತಿಯ ಮುಂದೆ ಕೂತವರ ಪಕ್ಕದಲ್ಲಿ ರಾಶಿ ಏರುತ್ತದೆ. ನನ್ನ ಪಕ್ಕದಲ್ಲಿ ಏರುವುದು ಗಡಿಯಾರದ ಮುಳ್ಳು ಮಾತ್ರ.

ಆ 70ರ ಬಗ್ಗೆ ಓದುತ್ತ ಹೋದಾಗ ಸ್ಟ್ಯಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ ಅವರ 2014ರ ಅಧ್ಯಯನ ಕಣ್ಣಿಗೆ ಬಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದವರ ದಾಖಲೆ ಅದು. ಅಲ್ಲಿ ತಯಾರಾದ ಮಾಲನ್ನು ಎಣಿಸಿದ್ದರು, ಗಂಟೆಯನ್ನೂ ಬರೆದಿಟ್ಟಿದ್ದರು. ವಾರಕ್ಕೆ 50 ಗಂಟೆಯ ಆಸುಪಾಸು ದಾಟಿದ ಮೇಲೆ ಪ್ರತಿ ಗಂಟೆಯ ಫಲ ಇಳಿಯುತ್ತ ಹೋಗುತ್ತದೆ. 70 ಗಂಟೆ ದುಡಿದವರು ಮಾಡಿದ್ದು 56 ಗಂಟೆ ದುಡಿದವರಿಗಿಂತ ಹೆಚ್ಚೇನೂ ಇಲ್ಲ. ಹದಿನಾಲ್ಕು ಗಂಟೆ ನೀರಿನಲ್ಲಿ ಹೋಮ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ಜೊತೆಯವರು ರಾತ್ರಿ ಹತ್ತರ ತನಕ ಕೂರುತ್ತಾರೆ, ಅವರ ಮಕ್ಕಳು ಅಷ್ಟರಲ್ಲಿ ಮಲಗಿರುತ್ತವೆ. ಆ ಹೊತ್ತಿನಿಂದ ಯಾರಿಗೂ ಏನೂ ಸಿಗುತ್ತಿಲ್ಲ ಎಂದಾದರೆ ಅದನ್ನು ಲೆಕ್ಕ ಹಾಕಿ ತೋರಿಸಲೇಬೇಕು.

ಆಫೀಸಿನಲ್ಲಿ ದಿನಕ್ಕೆ ನಿಜವಾದ ಕೆಲಸ 2 ಗಂಟೆ 53 ನಿಮಿಷ ಎಂಬ ಅಂಕಿಯನ್ನು ನೀವೂ ಕೇಳಿರುತ್ತೀರಿ. ಅದು ಬ್ರಿಟನ್ನಿನ ಕೂಪನ್ ಕಂಪನಿಯೊಂದು ಸುಮಾರು 2,000 ನೌಕರರನ್ನು ಕೇಳಿ ಬರೆದುಕೊಂಡ ಉತ್ತರ. ಯಾರೂ ಪಕ್ಕದಲ್ಲಿ ನಿಂತು ಅಳೆದದ್ದಲ್ಲ. ಈ ವರ್ಷ ಕೊಳೆರೋಗಕ್ಕೆ ಎಷ್ಟು ಅಡಿಕೆ ಉದುರಿತು ಎಂದು ಜಗುಲಿಯಲ್ಲಿ ಕೂತು ಅಂದಾಜು ಹೇಳಿದರೆ ಒಪ್ಪುತ್ತೇವೆಯೇ? ತೋಟಕ್ಕಿಳಿದು ನೋಡಬೇಕು.

ತೋಟಕ್ಕಿಳಿಯುವ ದಾರಿ ಸಿಕ್ಕಿದ್ದು ಎಲ್.ಎಚ್.ಸಿ. ಟಿಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞನಿಂದ. ಬ್ರಿಟನ್ನಿನ ಹತ್ತಿ ಗಿರಣಿಗಳಲ್ಲಿ ಮಗ್ಗ ಎಷ್ಟು ಹೊತ್ತು ಓಡುತ್ತದೆ, ಎಷ್ಟು ಹೊತ್ತು ನಿಂತಿರುತ್ತದೆ ಎಂದು ಅಳೆಯಬೇಕಿತ್ತು. ಒಂದೊಂದು ಮಗ್ಗದ ಪಕ್ಕ ದಿನವಿಡೀ ಒಬ್ಬನನ್ನು ಕೂರಿಸಲಿಲ್ಲ. ಗೊತ್ತುಗುರಿಯಿಲ್ಲದ ಹೊತ್ತಿಗೆ ಹೋಗಿ ಒಂದು ಸಲ ನೋಡುವುದು, ಓಡುತ್ತಿದೆ ಅಥವಾ ನಿಂತಿದೆ ಎಂದು ಬರೆದುಕೊಳ್ಳುವುದು, ಅಷ್ಟೆ. ನೂರು ಸಲ ನೋಡಿದರೆ ಉತ್ತರದಲ್ಲಿ ಶೇಕಡಾ 10ರಷ್ಟು ಆಚೀಚೆ, ನಾನೂರು ಸಲ ನೋಡಿದರೆ 5. ಗೊತ್ತುಗುರಿಯಿಲ್ಲದ್ದು ಎಂಬುದೇ ಇದರ ಜೀವ. ಟಿಪೆಟ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ಜನಗಣತಿ ವರದಿಗಳಿಂದ ಅಂಕಿ ಎತ್ತಿ 41,600 ಯಾದೃಚ್ಛಿಕ ಅಂಕಿಗಳ ಪಟ್ಟಿಯನ್ನು 1927ರಲ್ಲೇ ಅಚ್ಚು ಹಾಕಿಸಿದವನು ಆತ.

ನನ್ನ ಡಬ್ಬಿ ಕೆಟ್ಟದ್ದು ಸರಿಯಾಗಿ ಅಲ್ಲೇ.

ಜೂನ್, ಜುಲೈ ಸೇರಿ 34 ದಿನ, 412 ಗುರುತು. ಹಸಿರು 152, ಅಂದರೆ ಶೇಕಡಾ 37. ಎಂಟು ಗಂಟೆಯಲ್ಲಿ ಮೂರು ಗಂಟೆಗೂ ಕಡಿಮೆ. ಆ 2 ಗಂಟೆ 53 ನಿಮಿಷದ ಪಕ್ಕದಲ್ಲೇ ಬಂದು ಕೂತಿತು. ಮನಸ್ಸು ಒಪ್ಪಲಿಲ್ಲ. ಮುಗಿಸಿದ ಟೆಸ್ಟ್‌ಗಳ ಪಟ್ಟಿ ಎದುರಿಗೇ ಇತ್ತು, ಅಷ್ಟು ಕೆಲಸ ಮೂರು ಗಂಟೆಯಲ್ಲಿ ಆಗುವಂಥದ್ದಲ್ಲ.

ಮೊದಲು ಸಂಶಯ ಪಟ್ಟದ್ದು ಬಟನ್ ಮೇಲೆ. ಒಂದು ಸಲ ಒತ್ತಿದರೆ ಎರಡು ಸಲ ದಾಖಲಾಗುತ್ತಿದೆಯೋ ಎಂದು ಒಂದು ಭಾನುವಾರವಿಡೀ ಕೆಂಪು ಬಟನ್ ಒತ್ತಿ ಎಣಿಸಿದೆ. ಸರಿಯಾಗೇ ಇತ್ತು. ಆಮೇಲೆ ಗಡಿಯಾರ. ಡಿಎಸ್3231 ಎಂದು ಹೇಳಿ ಅಂಗಡಿಯವರು ಕಳಿಸಿದ ಎರಡು ಮಾಡ್ಯೂಲ್‌ಗಳಲ್ಲಿ ಒಂದು ವಾರಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು. ಆ ಚಿಪ್ಪು ನಿಜವಾಗಿದ್ದರೆ ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ತಪ್ಪಬೇಕು! ಫೋನ್ ಮಾಡಿದರೆ "ನಿಮ್ಮ ಕಡೆ ಮಳೆ ಜಾಸ್ತಿಯಲ್ವಾ ಸರ್, ಅದಕ್ಕೇ" ಎಂದರು. ಮಳೆಗೆ ಬೇಕಾದಷ್ಟು ಬೈಗುಳ ಈಗಾಗಲೇ ಇದೆ, ಇದೊಂದನ್ನು ಅದರ ತಲೆಗೆ ಕಟ್ಟಲು ನನ್ನಿಂದಾಗದು. ಇನ್ನೊಂದು ದೂರು: ಆ ಬೋರ್ಡಿನಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ, ಅವರು ಹಾಕಿ ಕಳಿಸಿದ್ದು ಚಾರ್ಜ್ ಮಾಡಬಾರದ ಸಿಆರ್2032. ತರಿಸಿದವರು ಡಯೋಡ್ ಪಕ್ಕದ ರೆಸಿಸ್ಟರನ್ನು ಮೊದಲು ಕಿತ್ತುಬಿಡಿ, ಸೆಲ್ ಉಬ್ಬುವ ತನಕ ಕಾಯಬೇಡಿ. ಕೊರಿಯರ್ ಪೊಟ್ಟಣವಂತೂ ಒದ್ದೆ ಮುದ್ದೆಯಾಗಿ ಬಂದಿತ್ತು. ಒಳ್ಳೆಯ ಮಾಡ್ಯೂಲ್ ಹಾಕಿದರೂ ಉತ್ತರ ಅದೇ 37.

ಹೀಗಿರುವಾಗ ಒಂದು ಮಧ್ಯಾಹ್ನ ಅಮ್ಮ ಕಾಫಿ ತಂದಿಟ್ಟು ಹೇಳಿದಳು: "ನಿನ್ನ ಡಬ್ಬಿ ಭಾರಿ ಚಲೋ ಉಂಟು ಮಗಾ. ಮೋಟರ್ ಆಫ್ ಮಾಡ್ಲಿಕ್ಕೆ ಸರಿಯಾಗಿ ನೆನಪು ಮಾಡ್ತದೆ."

"ಎಂತ ಮೋಟರ್ ಅಮ್ಮ?"

"ಅಯ್ಯೋ, ತೊಟ್ಟಿ ತುಂಬೋ ಹೊತ್ತಿಗೆ ಸರಿಯಾಗಿ ಕೂಗ್ತದಲ್ಲ!"

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಗಾಳಿ ಬೀಸಿದರೆ ಎಲ್ಲೋ ಮರ ಲೈನಿನ ಮೇಲೆ. ಬಂದ ತಕ್ಷಣ ಅಮ್ಮನ ಕೂಗು: "ಕರೆಂಟ್ ಬಂತು, ಮೋಟರ್ ಹಾಕು, ಮತ್ತೆ ಹೋಗ್ತದೆ." ಎದ್ದು ಹಾಕುತ್ತೇನೆ. ಮಾಳಿಗೆ ತೊಟ್ಟಿ ತುಂಬಲು ಸುಮಾರು ಕಾಲು ಗಂಟೆ. ಆಮೇಲೆ ಆಫ್ ಮಾಡಲು ಓಡುತ್ತೇನೆ, ಆಗಲೇ ಡಬ್ಬಿ ಪೀಂ ಎನ್ನುತ್ತದೆ, ಬಂದು ಕೆಂಪು ಒತ್ತುತ್ತೇನೆ. ಲ್ಯಾಪ್‌ಟಾಪು ಮತ್ತು ರೌಟರ್ ಇನ್ವರ್ಟರ್ ಮೇಲಿವೆ. ಡಬ್ಬಿ ಮಾತ್ರ ಮೇಜಿನ ಪಕ್ಕದ ಮಾಮೂಲಿ ಪ್ಲಗ್ಗಿನಲ್ಲಿ. ಕರೆಂಟ್ ಹೋದರೆ ಅದು ಸತ್ತು ಮತ್ತೆ ಹುಟ್ಟುತ್ತದೆ.

ಆ ರಾತ್ರಿ ದಾಖಲೆಯನ್ನೆಲ್ಲ ಶೀಟಿಗೆ ಸುರಿದು ಹೊಸ ಕಾಲಮ್ ಒಂದನ್ನು ಹಾಕಿದೆ: ಆನ್ ಆಗಿ ಎಷ್ಟನೇ ನಿಮಿಷ. ಗಡಿಯಾರದ ಹೊತ್ತನ್ನು ಮಾತ್ರ ನೋಡುತ್ತಿದ್ದಾಗ ಎಲ್ಲ ಚದುರಿದಂತೆ ಕಾಣುತ್ತಿತ್ತು, ಏಕೆಂದರೆ ಕರೆಂಟ್ ಬರುವ ಹೊತ್ತು ದಿನಕ್ಕೊಂದು. ಹೊಸ ಕಾಲಮಿನಲ್ಲಿ 17, 17, 17, 17. ಕೆಳಗೆಳೆದಷ್ಟೂ 17. ಮೈ ಜುಮ್ಮೆಂದಿತು.

ಕಾರಣ ಬಲ್ಲವರಿಗೆ ಈಗಾಗಲೇ ಹೊಳೆದಿರಬೇಕು. ಎರಡು ಪೀಂಗಳ ನಡುವಿನ ಅಂತರಕ್ಕೆ ರ‍್ಯಾಂಡಮ್(10, 70) ಎಂದು ಬರೆದಿದ್ದೆ, ಅಂದರೆ 10ರಿಂದ 70 ನಿಮಿಷದೊಳಗೆ ಯಾವುದಾದರೂ ಒಂದು. ಆದರೆ ಸೀಡ್, ಅಂದರೆ ಸಂಖ್ಯೆಗಳ ಸರಣಿ ಎಲ್ಲಿಂದ ಶುರುವಾಗಬೇಕು ಎಂಬ ಸಂಖ್ಯೆ, ಕೊಟ್ಟಿರಲಿಲ್ಲ. ಸೀಡ್ ಕೊಡದಿದ್ದರೆ ನ್ಯಾನೊ ಪ್ರತಿ ಸಲವೂ 1ರಿಂದ ಶುರು ಮಾಡಿ 16807ರಿಂದ ಗುಣಿಸುತ್ತ ಹೋಗುತ್ತದೆ. ಮೊದಲ ಸಂಖ್ಯೆ ಯಾವಾಗಲೂ 16807, ಅಂದರೆ ಏಳರ ಐದನೇ ಘಾತ. ಅದನ್ನು 60ರಿಂದ ಭಾಗಿಸಿದರೆ ಉಳಿಯುವುದು 7, ಹತ್ತು ಕೂಡಿದರೆ 17. ಆಮೇಲಿನವು 59, 63, 48. ನಿಮ್ಮ ಮನೆಯ ನ್ಯಾನೊದಲ್ಲೂ ಇದೇ ಬರುತ್ತದೆ, ಓಡಿಸಿ ನೋಡಿ.

412ರಲ್ಲಿ 96 ಗುರುತು ಈ ಹದಿನೇಳನೇ ನಿಮಿಷದವು. ಅದರಲ್ಲಿ 62 ಕರೆಂಟ್ ಬಂದ ಮೇಲಿನವು, ಮೋಟರ್ ಹೊತ್ತು. ಉಳಿದ 34 ಬೆಳಿಗ್ಗೆ ಸ್ವಿಚ್ ಹಾಕಿದ ಮೇಲಿನವು, ಆಗ ಟೀಮಿನ ದಿನದ ಕಾಲ್ ನಡೆಯುತ್ತಿರುತ್ತದೆ, ಹಾಗಾಗಿ ಹಳದಿ. 96ರಲ್ಲಿ ಹಸಿರು ಬರೀ 9. ಈ 96ನ್ನು ತೆಗೆದುಹಾಕಿದರೆ ಉಳಿದ 316ರಲ್ಲಿ ಹಸಿರು 143, ಶೇಕಡಾ 45. ಅದನ್ನೇ ಉತ್ತರ ಎಂದು ಬರೆದುಬಿಡಲು ಮನಸ್ಸಾಯಿತು. ಆದರೆ ಎರಡನೇ ಪೀಂ ಕೂಡ 76ನೇ ನಿಮಿಷಕ್ಕೆ ಕಟ್ಟಿಹಾಕಿದ್ದೇ, ಮೂರನೆಯದು 139ಕ್ಕೆ. ಕೊಳೆತ ಗೊನೆಯಿಂದ ಒಂದೆರಡು ಕಾಯಿ ಆರಿಸಿ ತೆಗೆದರೆ ಗೊನೆ ಚೆನ್ನಾಗುವುದಿಲ್ಲ. ಎಲ್ಲ 412ನ್ನೂ ಅಳಿಸಿದೆ.

ರಿಪೇರಿಯೂ ಒಂದೇ ಏಟಿಗೆ ಆಗಲಿಲ್ಲ. ಮೊದಲು ಎಲ್ಲರೂ ಹೇಳುವ ಉಪಾಯ, ಏನೂ ಜೋಡಿಸದೆ ಖಾಲಿ ಬಿಟ್ಟ ಅನಲಾಗ್ ಪಿನ್ನಿನಲ್ಲಿ ಅಲೆದಾಡುವ ವೋಲ್ಟೇಜನ್ನು ಓದಿ ಅದನ್ನೇ ಸೀಡ್ ಮಾಡುವುದು. ನಲವತ್ತು ಸಲ ಆಫ್-ಆನ್ ಮಾಡಿದೆ, ಸಿಕ್ಕಿದ್ದು ಬರೀ ಹನ್ನೊಂದು ಬೇರೆ ಬೇರೆ ಸಂಖ್ಯೆ. ಸಾಲದು. ಆಮೇಲೆ ಇಇಪ್ರಾಮಿನಲ್ಲಿ, ಅಂದರೆ ಕರೆಂಟ್ ಹೋದರೂ ಅಳಿಯದ ಬೋರ್ಡಿನ ಮೆಮೊರಿಯಲ್ಲಿ, ಎಣಿಕೆ ಇಟ್ಟು, ಆನ್ ಆದಾಗಲೆಲ್ಲ ಒಂದು ಕೂಡಿ ಅದನ್ನು ಸೀಡ್ ಕೊಟ್ಟೆ. ಮೊದಲ ಪೀಂ 17ಕ್ಕೆ, ಮುಂದಿನ ಸಲ 24ಕ್ಕೆ, ಆಮೇಲೆ 31, 38. ಏಳರ ಮಗ್ಗಿ! ಸೀಡ್ ಒಂದೊಂದೇ ಏರಿದರೆ 16807ರ ಗುಣಕವೂ ಮೆಟ್ಟಿಲು ಹತ್ತಿದಂತೆ ಏರುತ್ತದೆ, 60ರಿಂದ ಭಾಗಿಸಿದ ಶೇಷ ಏಳೇಳು ಮುಂದೆ ಹೋಗುತ್ತದೆ. ಕೊನೆಗೆ ಕೈಗೆ ಬಂದದ್ದು ತೀರಾ ಸರಳ: ಪ್ರತಿ ಪೀಂ ಆದಾಗ ಬಂದ ಕೊನೆಯ ದೊಡ್ಡ ಸಂಖ್ಯೆಯನ್ನೇ ಇಇಪ್ರಾಮಿನಲ್ಲಿ ಬರೆದಿಟ್ಟು, ಆನ್ ಆದಾಗ ಅದನ್ನೇ ಸೀಡ್ ಕೊಡುವುದು. ಕರೆಂಟ್ ಹೋಗಿಯೇ ಇಲ್ಲವೇನೋ ಎಂಬಂತೆ ಸರಣಿ ಬಿಟ್ಟ ಜಾಗದಿಂದ ಮುಂದುವರಿಯುತ್ತದೆ. ದಿನಕ್ಕೆ ಹನ್ನೆರಡು ಸಲ ಬರೆದರೂ ಒಂದು ಲಕ್ಷ ಬರಹದ ಆಯುಸ್ಸು ಎಂಟು ಸಾವಿರ ದಿನ ದಾಟುತ್ತದೆ.

ಅದರ ಜೊತೆಗೆ 10ರಿಂದ 70 ಎಂಬ ಕಟ್ಟನ್ನೂ ಕಿತ್ತೆ. ಒಂದು ಪೀಂ ಆದರೆ ಇನ್ನು ಹತ್ತು ನಿಮಿಷ ಬಾರದು ಎಂದು ಮನಸ್ಸು ಕಲಿತುಬಿಟ್ಟಿತ್ತು, ಆ ಹತ್ತು ನಿಮಿಷ ಫೋನಿನ ಕಡೆಗೇ ಕೈ ಹೋಗುತ್ತಿತ್ತು. ಈಗ ಘಾತೀಯ ಹಂಚಿಕೆ, ಸರಾಸರಿ 40 ನಿಮಿಷ. ಹೆಂಚಿನಿಂದ ತೊಟ್ಟಿಕ್ಕುವ ಹನಿಯ ಹಾಗೆ, ಈಗಷ್ಟೇ ಬಿತ್ತು ಎಂಬುದರಿಂದ ಮುಂದಿನದು ಯಾವಾಗ ಎಂದು ಹೇಳಲಾಗದು. ನೂರರಲ್ಲಿ ಹನ್ನೆರಡು ಸಲ ಐದು ನಿಮಿಷದೊಳಗೇ ಮತ್ತೆ ಕೂಗುತ್ತದೆ, ಐದು ಸಲ ಎರಡು ಗಂಟೆ ಸುಮ್ಮನಿರುತ್ತದೆ. ಹಳೆಯದರ ನೆನಪೇ ಇಲ್ಲದ ಲೆಕ್ಕವಾದ್ದರಿಂದ ಮಧ್ಯೆ ಕರೆಂಟ್ ಹೋಗಿ ಹೊಸದಾಗಿ ಶುರುವಾದರೂ ಓರೆ ಬರುವುದಿಲ್ಲ. ನಮ್ಮ ಊರಿಗೆ ಹೇಳಿ ಮಾಡಿಸಿದ್ದು.

ಒಂಬತ್ತು ದಿನ ಆಯಿತು. 104 ಗುರುತು: ಹಸಿರು 53, ಹಳದಿ 24, ಕೆಂಪು 27. ಹಸಿರು ಶೇಕಡಾ 51, ಹತ್ತು ಆಚೀಚೆ. ಎಂಟು ಗಂಟೆಯಲ್ಲಿ ಸುಮಾರು ನಾಲ್ಕು. ಗಟ್ಟಿಯಾಗಿ ಹೇಳಲು ನಾನೂರು ಗುರುತು ಬೇಕು, ಇನ್ನೂ ಐದು ವಾರ. ಆದರೆ ಹಳದಿಯ ಆ 24 ನನಗೆ ಈಗಲೇ ಬೇಸರ ತರಿಸಿವೆ. ಕೆಂಪಿನಲ್ಲಿ ಅಮ್ಮನ ಕಾಫಿ ಇದೆ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲು ಬಂದವರ ಜೊತೆ ಎರಡು ಮಾತು ಇದೆ. ಹಳದಿಯಲ್ಲಿ ಯಾರಿಗೂ ಬೇಡದ ಮೀಟಿಂಗ್ ಬಿಟ್ಟು ಬೇರೇನಿಲ್ಲ. ಮುಂದಿನ ತಿಂಗಳು ಮ್ಯಾನೇಜರ್ ಜೊತೆ ಕೂತಾಗ ನಾನೂರು ಗುರುತಿನ ಪಟ್ಟಿ ಮುಂದಿಡುತ್ತೇನೆ.

ಒಂದು ತೂತು ಇನ್ನೂ ಉಳಿದಿದೆ. ಕರೆಂಟ್ ಇಲ್ಲದ ಹೊತ್ತು ಡಬ್ಬಿ ಮೂಕ, ಆಗ ನಾನು ಇನ್ವರ್ಟರ್ ಮೇಲೆ ಮಾಡಿದ ಕೆಲಸ ಲೆಕ್ಕಕ್ಕೆ ಬರುತ್ತಿಲ್ಲ. ಇನ್ವರ್ಟರಿನ ಲೈನ್ ಇರುವುದು ಆಚೆ ಗೋಡೆಯಲ್ಲಿ, ಅಲ್ಲಿಂದ ವೈರ್ ಎಳೆಯಲು ಅಪ್ಪಯ್ಯ ಒಪ್ಪುತ್ತಿಲ್ಲ. ಪವರ್ ಬ್ಯಾಂಕ್ ಹಾಕಿ ನೋಡಿದೆ. ನ್ಯಾನೊ ಎಳೆಯುವ ಕರೆಂಟ್ ಇಷ್ಟು ಕಡಿಮೆ ಎಂದರೆ, ಏನೂ ಜೋಡಿಸಿಲ್ಲ ಎಂದುಕೊಂಡು ಅರ್ಧ ನಿಮಿಷಕ್ಕೆ ತಾನೇ ಆಫ್ ಆಯಿತು. ಹಾಗಾಗಿ ಚಾರ್ಜ್ ಮಾಡಬಹುದಾದ ಒಂದು 18650 ಸೆಲ್, ಅದಕ್ಕೆ ಟಿಪಿ4056 ಚಾರ್ಜರ್, ವೋಲ್ಟೇಜ್ ಏರಿಸಲು ಒಂದು ಬೂಸ್ಟ್ ಕನ್ವರ್ಟರ್ ತರಿಸಬೇಕು. ಈ ಸಲ ಬೇರೆ ಅಂಗಡಿಯಿಂದ.

ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಮೇಲೆ ಬಿದ್ದಿದೆ. ಮೊನ್ನೆ ತೊಟ್ಟಿ ತುಂಬಿ ಹರಿದು ಹಿತ್ತಿಲ ಕಣವೆಲ್ಲ ಕೆಸರಾಯಿತು. "ಡಬ್ಬಿ ಯಾಕೆ ಕೂಗ್ಲಿಲ್ಲ?" ಎಂದು ಅಮ್ಮ ಕೇಳಿದಳು. ರಿಪೇರಿ ಮಾಡಿದೆ ಎಂದೆ. "ಸರಿ ಇದ್ದದ್ದನ್ನ ಯಾಕೆ ಬಿಚ್ಚಿದ್ಯಾ?" ಅಂದಳು. ಅಮ್ಮನಿಗೊಂದು ತೊಟ್ಟಿ ಗಂಟೆ ಮಾಡಿಕೊಡಲೇಬೇಕು. ಅಲ್ಟ್ರಾಸಾನಿಕ್ ಸೆನ್ಸರ್ ಯೋಚಿಸಿದ್ದೆ, ಆದರೆ ಜಲನಿರೋಧಕ ಮಾದರಿಗೆ ಹತ್ತಿರದ ಒಂದು ಗೇಣು ಕಾಣುವುದೇ ಇಲ್ಲ, ನಮ್ಮ ತೊಟ್ಟಿಯಲ್ಲಿ ನೀರು ಮುಚ್ಚಳದ ತನಕ ಬರುತ್ತದೆ. ಫ್ಲೋಟ್ ಸ್ವಿಚ್ಚೇ ಸಾಕು. ತೊಟ್ಟಿಯಿಂದ ಅಡುಗೆಮನೆಗೆ ಹದಿನೈದು ಮೀಟರ್ ವೈರ್, ಒಂದು ಬಜರ್. ಶನಿವಾರ ಶಿವಮೊಗ್ಗಕ್ಕೆ ಹೋಗುವುದಿದೆ, ವೈರ್ ಅಲ್ಲೇ ತರುತ್ತೇನೆ. ಬಜರಿನ ಸದ್ದು ಮಾತ್ರ ಪೀಂ ಆಗಬಾರದು, ಬೇರೆ ಯಾವುದಾದರೂ ಇರಲಿ.